ಟೆಂಟಿಗೆ ಬಂದ ವರ್ಷ

ನಮ್ಮಜ್ಜಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ಅಮ್ಮನ ಶಾಲಾ ದಾಖಲೆಯಲ್ಲಿ ಜೂನ್ 1. ಎರಡೂ ನಿಜವಲ್ಲ. ಮೊದಲನೆಯದನ್ನು ಕಂಪ್ಯೂಟರ್ ಮುಂದೆ ಕೂತ ಹುಡುಗ ತುಂಬಿದ್ದು, ಎರಡನೆಯದನ್ನು ದಾಖಲಾತಿ ದಿನ ಮೇಷ್ಟ್ರು ಬರೆದುಕೊಂಡಿದ್ದು. (ಸರ್ಕಾರಿ ಕಚೇರಿಗಳಲ್ಲಿ ಮೇ 31ಕ್ಕೆ ಅಷ್ಟೊಂದು ಜನ ಒಟ್ಟಿಗೇ ನಿವೃತ್ತರಾಗುವುದು ಇಂಥ ಮೇಷ್ಟ್ರುಗಳ ದಯೆಯಿಂದಲೇ.) ಕಾಗದದ ಮೇಲಿನ ತಾರೀಖನ್ನು ಹೀಗೆ ಬೇರೆಯವರ ಕೈಗೆ ಬಿಟ್ಟ ಜನ, ತಮ್ಮ ಬದುಕಿನ ತಾರೀಖುಗಳನ್ನು ಎಲ್ಲಿ ಇಟ್ಟುಕೊಂಡಿದ್ದರು ಎನ್ನುವುದು ನನಗೆ ಅರ್ಥವಾಗಿದ್ದು ಪಿಎಚ್.ಡಿ.ಯ ಮೂರನೇ ವರ್ಷದಲ್ಲಿ. ಅದೂ ಒಂದು ತಪ್ಪು ಮಾಡಿದ ಮೇಲೆ.

ನನ್ನ ವಿಷಯ ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ಮತ್ತು ತುಮಕೂರು ಸೀಮೆಯ ಗೇಣಿದಾರರು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿಗೆ ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಹಕ್ಕು ಕೊಡಬೇಕು. ಅರ್ಜಿಯ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ, ಕೊನೆಗೆ 1979ರ ಜೂನ್ 30ಕ್ಕೆ ಬಾಗಿಲು ಹಾಕಿದರು. ಅರ್ಜಿ ಹಾಕಿದವರನ್ನು, ಹಾಕಲು ಹೆದರಿದವರನ್ನು, ಹಾಕಿ ಹಿಂದಕ್ಕೆ ತೆಗೆದುಕೊಂಡವರನ್ನು ಮಾತಾಡಿಸುತ್ತಾ ಹೋದೆ. ‘ಯಾವ ಇಸವಿ?’ ಎಂದು ಕೇಳಿದರೆ ಉತ್ತರ ಬರುತ್ತಿದ್ದದ್ದು ಇಸವಿಯಲ್ಲಲ್ಲ. ‘ಗಂಧದ ಗುಡಿ’ ಬಂದ ವರ್ಷ ಬಾವಿ ತೋಡಿಸಿದ್ದು. ‘ಕಸ್ತೂರಿ ನಿವಾಸ’ ನೋಡಿಕೊಂಡು ಬಂದ ರಾತ್ರಿ ಅತ್ತೆ ತೀರಿಕೊಂಡಿದ್ದು. ‘ಸಂಪತ್ತಿಗೆ ಸವಾಲ್’ ಹೊತ್ತಿಗೆ ನಮ್ಮ ಎಮ್ಮೆ ಕಳುವಾಗಿತ್ತು, ಅದಕ್ಕೇ ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು ಹಾಡಿದಾಗ ನಮ್ಮಪ್ಪ ಟೆಂಟಿನಲ್ಲೇ ಬೈದ. ನನಗೆ ಖುಷಿಯೋ ಖುಷಿ. ಒಂದು ಪಟ್ಟಿ ಮಾಡಿಕೊಂಡೆ: ಎಡಗಡೆ ಸಿನಿಮಾ, ಬಲಗಡೆ ಬಿಡುಗಡೆಯಾದ ವರ್ಷ. 1973, 1971, 1974. ಕ್ಯಾಲೆಂಡರ್ ಸಿಕ್ಕಿತು ಅಂದುಕೊಂಡೆ.

ಅಜ್ಜಿಯನ್ನು ಸಂದರ್ಶನ ಮಾಡಿದ್ದು ಆಮೇಲೆ. ಮನೆಯವರೇ ಅಲ್ಲವಾ ಎಂಬ ಉದಾಸೀನ. ತಾತನೂ ನಮೂನೆ 7 ಹಾಕಿದ್ದವನೇ. ಒಂದೂವರೆ ಎಕರೆ, ಊರಿನ ದೊಡ್ಡ ಮನೆಯವರದ್ದು. ಅಜ್ಜಿ ಹೇಳಿದ್ದು ಇಷ್ಟು: “ಅವತ್ತು ನಿಮ್ತಾತ ತಾಲ್ಲೂಕಾಫೀಸ್ಗೆ ಅರ್ಜಿ ಕೊಟ್ಬುಟ್ಟು ಬಂದ್ರು. ಮುಖ ಎಲ್ಲ ಬೆವ್ರು. ಉಣ್ಣಲಿಲ್ಲ. ಸಂಜಿಗೆ, ನಡಿ ಟೆಂಟಿಗೆ ಹೋಗಾನ ಅಂದ್ರು. ಮದ್ವೆ ಆಗಿ ಅಷ್ಟು ವರ್ಷಕ್ಕೆ ಅದೊಂದೇ ಕಿತ ಕರ್ಕಂಡು ಹೋಗಿದ್ದು. ಬಂಗಾರದ ಮನುಷ್ಯ.”

ಪಟ್ಟಿ ನನ್ನ ಬಾಯಿತುದಿಯಲ್ಲೇ ಇತ್ತು. ‘ಬಂಗಾರದ ಮನುಷ್ಯ’ 1972ರದ್ದು. ನಮೂನೆ 7 ಹುಟ್ಟಿದ್ದೇ ಎರಡು ವರ್ಷ ಆದಮೇಲೆ. “ಅಜ್ಜಿ, ಅದು ಆಗಕ್ಕಿಲ್ಲ. ಬೇರೆ ಸಿನಿಮಾ ಇರಬೇಕು. ‘ಬೂತಯ್ಯನ ಮಗ ಅಯ್ಯು’ ಇರಬೇಕು ನೋಡು” ಅಂದೆ. ಅದೂ ಸಿದ್ಧಲಿಂಗಯ್ಯನವರದೇ, 1974ರದ್ದು, ಊರಿನ ದೊಡ್ಡ ಮನುಷ್ಯನ ಜೊತೆಗಿನ ಹಗೆಯ ಕಥೆ. ನನ್ನ ಅಧ್ಯಾಯಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ಇರಬೌದು ಕಣವ್ವ. ನೀನು ಓದ್ದೋಳು.”

ನಾನು ಅಷ್ಟಕ್ಕೆ ಬಿಡಲಿಲ್ಲ. ಇಟಲಿಯ ಇತಿಹಾಸಕಾರ ಅಲೆಸ್ಸಾಂದ್ರೊ ಪೋರ್ತೆಲ್ಲಿ ಅವರ ಒಂದು ಪ್ರಸಿದ್ಧ ಅಧ್ಯಯನವಿದೆ. ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕ ಪೊಲೀಸರ ಕೈಲಿ ಸತ್ತದ್ದು 1949ರಲ್ಲಿ, ನೇಟೋ ವಿರುದ್ಧದ ಪ್ರತಿಭಟನೆಯಲ್ಲಿ. ಆದರೆ ಊರವರಲ್ಲಿ ಬಹಳ ಜನ ಆ ಸಾವನ್ನು 1953ರ ಸಾಮೂಹಿಕ ವಜಾದ ಗಲಾಟೆಗೆ ಸೇರಿಸಿ ಹೇಳುತ್ತಿದ್ದರು. ಆ ಸಾವಿಗೆ ತಕ್ಕ ಅರ್ಥ ಅಲ್ಲಿ ಸಿಗುತ್ತಿತ್ತು ಎಂಬುದು ಪೋರ್ತೆಲ್ಲಿ ಅವರ ವಿವರಣೆ. ನಾನೂ ಅಡಿಟಿಪ್ಪಣಿಯಲ್ಲಿ ಹಾಗೇ ಬರೆದೆ: ಮಾಹಿತಿದಾರರ ಸ್ಮೃತಿಯು ಅರ್ಜಿ ಸಲ್ಲಿಸಿದ ದಿನವನ್ನು, ಬೇಸಾಯದ ಘನತೆಯನ್ನು ಸಾರಿದ ಜನಪ್ರಿಯ ಚಿತ್ರದೊಂದಿಗೆ ಜೋಡಿಸಿಕೊಂಡಿದೆ. ಮಾರ್ಗದರ್ಶಕರು ಪಕ್ಕದಲ್ಲಿ ‘ಚೆನ್ನಾಗಿದೆ’ ಎಂದು ಬರೆದರು.

ಅಜ್ಜಿ ಹೋದ ವರ್ಷ ತೀರಿಕೊಂಡಳು. ತಿಥಿ ಮುಗಿದ ಮೇಲೆ ಅವಳ ತಗಡಿನ ಪೆಟ್ಟಿಗೆ ತೆಗೆದೆವು. ಕಂದಾಯದ ರಸೀದಿಗಳ ನಡುವೆ ನಮೂನೆ 7ರ ಸ್ವೀಕೃತಿ ಚೀಟಿ ಇತ್ತು, ಮೊಹರಿನ ತಾರೀಖು 17-3-1975. ಅದನ್ನು ಸುತ್ತಿಟ್ಟಿದ್ದು ಒಂದು ಗುಲಾಬಿ ಬಣ್ಣದ ಕರಪತ್ರದಲ್ಲಿ. ಟೆಂಟಿನವರು ಗಾಡಿ ಕಟ್ಟಿಕೊಂಡು ತಮಟೆ ಬಡಿಯುತ್ತಾ ಊರೂರ ಮೇಲೆ ಎರಚಿಕೊಂಡು ಹೋಗುತ್ತಿದ್ದ ಜಾತಿಯದ್ದು. ‘ಬಂಗಾರದ ಮನುಷ್ಯ. ತಾ. 14-3 ಶುಕ್ರವಾರದಿಂದ 4 ದಿನ ಮಾತ್ರ. ದಿನವಹಿ 2 ಆಟಗಳು.’ ಇಸವಿ ಇಲ್ಲ, ಕರಪತ್ರಕ್ಕೆ ಇಸವಿ ಯಾಕೆ ಬೇಕು. ಆದರೆ ಮಾರ್ಚ್ 14 ಶುಕ್ರವಾರವಾಗಿದ್ದು ಆ ಸಿನಿಮಾ ಬಂದಮೇಲಿನ ವರ್ಷಗಳಲ್ಲಿ ಮೊದಲು 1975ರಲ್ಲಿ, ಆಮೇಲೆ 1980ರಲ್ಲಿ. 1980ರ ಹೊತ್ತಿಗೆ ಅರ್ಜಿಯ ಗಡುವೇ ಮುಗಿದಿತ್ತು. ಶುಕ್ರವಾರದಿಂದ ನಾಲ್ಕು ದಿನವೆಂದರೆ ಸೋಮವಾರ, 17, ಕೊನೆಯ ಆಟ. ಮೊಹರಿನ ದಿನವೇ.

ತಪ್ಪಿದ್ದದ್ದು ನನ್ನ ಪಟ್ಟಿ. ಸಿನಿಮಾ ಬಿಡುಗಡೆಯಾದ ವರ್ಷ ಎಂದರೆ ಅದು ಬೆಂಗಳೂರಿನ ವರ್ಷ. ‘ಬಂಗಾರದ ಮನುಷ್ಯ’ ಅಲ್ಲಿನ ಸ್ಟೇಟ್ಸ್ ಚಿತ್ರಮಂದಿರವೊಂದರಲ್ಲೇ ಎರಡು ವರ್ಷ ಓಡಿತು. ಆಗ ಇಂದಿನ ಹಾಗೆ ಒಂದೇ ಶುಕ್ರವಾರ ರಾಜ್ಯಕ್ಕೆಲ್ಲ ಸಿನಿಮಾ ಸುರಿಯುತ್ತಿರಲಿಲ್ಲ. ಎಣಿಸಿದಷ್ಟು ಪ್ರಿಂಟು; ಅವು ಮೊದಲು ದೊಡ್ಡ ಪಟ್ಟಣ, ಆಮೇಲೆ ಜಿಲ್ಲಾ ಕೇಂದ್ರ, ಆಮೇಲೆ ತಾಲ್ಲೂಕು, ಅಲ್ಲೆಲ್ಲ ಸವೆದು ಟೆಂಟಿಗೆ. ನಮ್ಮ ಕಡೆಯವರು ನೋಡುವ ಹೊತ್ತಿಗೆ ಪರದೆಯ ಮೇಲೆ ಮಳೆ ಸುರಿದ ಹಾಗೆ ಗೆರೆ, ರೀಲು ತುಂಡಾದಲ್ಲೆಲ್ಲ ಅಂಟಿಸಿ ಅಂಟಿಸಿ ಮಾತು ಹಾರಿರುತ್ತಿತ್ತು. ಟೆಂಟಿನದು ತಾತ್ಕಾಲಿಕ ಲೈಸೆನ್ಸು, ಇವತ್ತು ಈ ಹೋಬಳಿ, ನಾಳೆ ಇನ್ನೊಂದು. ಮಳೆಗಾಲದಲ್ಲಿ ಕಷ್ಟ. ಹಗಲು ಬೆಳಕಿನಲ್ಲಿ ಬಿಳೀ ಪರದೆ ಕಾಣದು, ಹಾಗಾಗಿ ಕತ್ತಲಾದ ಮೇಲೆ ಎರಡೇ ಆಟ. ಧ್ವನಿವರ್ಧಕದಲ್ಲಿ ಘಂಟಸಾಲ ಅವರ ವೆಂಕಟೇಶನ ಸ್ತುತಿ ಕೇಳಿದರೆ ಆಟ ಶುರುವಾಗುತ್ತಿದೆ ಎಂದು ಅರ್ಥ, ಹೊಲದಲ್ಲಿದ್ದವರು ಓಡುತ್ತಿದ್ದರು. ಅಂದರೆ ಪ್ರತಿ ಹೋಬಳಿಗೂ ಸಿನಿಮಾದ ಬೇರೆಯೇ ಪಂಚಾಂಗ ಇತ್ತು. ನಾನು ಬೆಂಗಳೂರಿನ ಪಂಚಾಂಗ ಹಿಡಿದು ಅವರ ಹಬ್ಬಗಳನ್ನು ತಪ್ಪು ಅನ್ನುತ್ತಿದ್ದೆ.

ಈಗ ಪಟ್ಟಿಯ ಬಲಗಡೆಯನ್ನು ಪೂರ್ತಿ ಹೊಡೆದುಹಾಕಿದ್ದೇನೆ. ಎಮ್ಮೆ ಕಳೆದುಕೊಂಡವರ ಮನೆಗೂ, ಅತ್ತೆ ತೀರಿಕೊಂಡವರ ಮನೆಗೂ ಮತ್ತೆ ಹೋಗಬೇಕು. ಯಾವ ಟೆಂಟು, ಯಾವ ಸುಗ್ಗಿ, ರಾಗಿ ಬಂದಿತ್ತೋ ಇಲ್ಲವೋ ಎಂದು ಕೇಳಬೇಕು.

ಒಂದು ವಿಷಯ ಇನ್ನೂ ಚುಚ್ಚುತ್ತದೆ. ಭೂನ್ಯಾಯ ಮಂಡಳಿಗಳ ಮುಂದೆ ಎಷ್ಟೋ ಗೇಣಿದಾರರ ಬಳಿ ಕರಾರುಪತ್ರ ಇರಲಿಲ್ಲ. ಪಹಣಿಯ ಕಲಂನಲ್ಲಿ ಒಡೆಯರದ್ದೇ ಹೆಸರು. ಅಂಥ ಕಡೆ ಅಕ್ಕಪಕ್ಕದ ಹೊಲದವರ ಬಾಯಿಮಾತೇ ಸಾಕ್ಷಿ: ಇವನು ಇಂಥ ಕಾಲದಿಂದ ಉಳುತ್ತಿದ್ದಾನೆ, ನಾವು ಕಂಡಿದ್ದೇವೆ. ತಾತನಿಗೆ ಆ ಒಂದೂವರೆ ಎಕರೆ ಬಂದದ್ದೂ ಹಾಗೇ. ಇಂಗ್ಲಿಷಿನಲ್ಲಿ ಅಧ್ಯಾಯ ಬರೆಯಲು ಅದೇ ಹೊಲದ ಕಡಲೆಕಾಯಿ ದುಡ್ಡಿನಲ್ಲಿ ಓದಿದವಳು ನಾನು. ಭೂಮಿ ಕೊಡುವುದಕ್ಕೆ ಸಾಕಾದ ನೆನಪು ನನ್ನ ಅಡಿಟಿಪ್ಪಣಿಗೆ ಸಾಲಲಿಲ್ಲ.

ಸಂದರ್ಶನದ ಧ್ವನಿಮುದ್ರಿಕೆಯನ್ನು ಮೊನ್ನೆ ಮತ್ತೆ ಕೇಳಿದೆ. ನಾನು ತಿದ್ದುವುದಕ್ಕೆ ಮುಂಚೆ ಅಜ್ಜಿ ಇನ್ನಷ್ಟು ಹೇಳಿದ್ದಾಳೆ, ಬರಹಕ್ಕಿಳಿಸುವಾಗ ವಿಷಯಕ್ಕೆ ಸಂಬಂಧವಿಲ್ಲ ಎಂದು ಬಿಟ್ಟಿದ್ದೆ. ಅವತ್ತು ಇವರು ನೆಲದ ಮೇಲೆ, ಮರಳು ಗುಡ್ಡೆ ಮಾಡಿಕೊಂಡು ಕೂತಿದ್ದರಂತೆ. ಹಿಂದೆ ಕುರ್ಚಿಯಲ್ಲಿ ದೊಡ್ಡ ಮನೆಯವರು. ಅರ್ಜಿಯ ಸುದ್ದಿ ಸಂಜೆಯೊಳಗೇ ಮುಟ್ಟಿತ್ತು. ರೀಲು ಬದಲಿಸಲು ದೀಪ ಹಾಕಿದಾಗೆಲ್ಲ ತಾತ ತಿರುಗಿ ನೋಡಲಿಲ್ಲ, ಅವರೂ ಮಾತಾಡಿಸಲಿಲ್ಲ. ಅಜ್ಜಿ ಆ ಮನೆಯ ಹಟ್ಟಿ ಗುಡಿಸಿ ಬೆಳೆದವಳು. ರಾಜೀವ ಕೊನೆಗೆ ತಾನೇ ಕಟ್ಟಿದ ಮನೆ ಬಿಟ್ಟು ಹೊರಟಾಗ ಟೆಂಟೆಲ್ಲ ಅತ್ತಿತು, ಕುರ್ಚಿಯವರೂ ಅತ್ತರು ಅಂತಾಳೆ. ಮಾರನೇ ದಿನದಿಂದ ಆ ಮನೆಗೆ ಹೋಗಲಿಲ್ಲವಂತೆ.

“ನೀನು ಓದ್ದೋಳು” ಎಂದ ಮೇಲೆ ಪ್ರತಿಯಲ್ಲಿ ನಾನು ‘ಮೌನ’ ಎಂದು ಬರೆದಿದ್ದೆ. ಇಯರ್‌ಫೋನ್ ಹಾಕಿ ಕೇಳಿದರೆ ಅದು ಮೌನವಲ್ಲ. ಮೊರದಲ್ಲಿ ಅವರೆಕಾಳು ಕೇರುವ ಸದ್ದು, ಅದರಡಿ ಅಜ್ಜಿಯ ಗುನುಗು. ಮಾತು ಗೊತ್ತಾಗುವುದಿಲ್ಲ, ರಾಗ ಗೊತ್ತಾಗುತ್ತದೆ. ಕಲ್ಲುಭೂಮಿ ಮುಂದೆ ನಿಂತು ರಾಜೀವ ಹಾಡುವ, ಕನ್ನಂಬಾಡಿಯನ್ನೂ ವಿಶ್ವೇಶ್ವರಯ್ಯನವರನ್ನೂ ನೆನೆಯುವ, ಪಿ.ಬಿ. ಶ್ರೀನಿವಾಸ್ ಅವರ ಆ ಹಾಡು. ‘ಬೂತಯ್ಯನ ಮಗ ಅಯ್ಯು’ವಿನದಲ್ಲ.