ಡ್ರೂಸ್: ಪದದ ಅರ್ಥ ಮತ್ತು ಮೂಲ

ಡ್ರೂಸ್ ಎಂದರೆ ಕಲ್ಲಿನ ಪೊಳ್ಳಿನ ಒಳಗೋಡೆಗೆ ಅಥವಾ ಬಿರುಕಿನ ಮೈಗೆ ಒತ್ತೊತ್ತಾಗಿ ಕಟ್ಟಿಕೊಂಡ ಸಣ್ಣ ಹರಳುಗಳ ಹೊದಿಕೆ. ಖನಿಜ ಕರಗಿದ ನೀರು ಪೊಳ್ಳಿನೊಳಗೆ ಇಳಿದಾಗ ಹರಳುಗಳು ಗೋಡೆಯಿಂದ ಒಳಮುಖವಾಗಿ ಬೆಳೆಯುತ್ತವೆ. ಎದುರಿಗೆ ಬಯಲು ಇರುವುದರಿಂದ ಅವುಗಳ ತುದಿ ಚೂಪಾಗಿಯೇ ಉಳಿಯುತ್ತದೆ. ದಖ್ಖನ್ನಿನ ಲಾವಾ ಕಲ್ಲಿನಲ್ಲಿ, ಮುಖ್ಯವಾಗಿ ಪುಣೆ, ಜಳಗಾಂವ್, ನಾಸಿಕ್ ಸುತ್ತಿನ ಕಲ್ಲುಕ್ವಾರಿಗಳಲ್ಲಿ, ಇಂಥ ಪೊಳ್ಳುಗಳು ಹೇರಳ.

ಮೇಲೆ ಹೇಳಿದ್ದು ಇಂಗ್ಲಿಷಿನಲ್ಲಿ ರೂಢಿಯಾದ ಅರ್ಥ. ಪದದ ತವರಾದ ಜರ್ಮನ್ನಿನಲ್ಲಿ ‘ದ್ರೂಜ’ ಎಂದರೆ ಹೊದಿಕೆಯಲ್ಲ, ಹರಳು ಕಟ್ಟಿದ ಪೊಳ್ಳು. ರಷ್ಯನ್ನಿನ ‘ದ್ರೂಜಾ’ ಎಂದರೆ ಒಂದೇ ತಳದಿಂದ ಎದ್ದ ಹರಳುಗಳ ಗೊಂಚಲು. ಹೀಗಾಗಿ ಒಂದೇ ಪದ ಮೂರು ಭಾಷೆಗಳಲ್ಲಿ ಮೂರು ವಸ್ತುಗಳನ್ನು ಸೂಚಿಸುತ್ತದೆ. ಅನುವಾದಿಸುವವರು ಎಡವುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ಪೊಳ್ಳಿಗೆ ಕಾರ್ನ್‌ವಾಲ್ ಗಣಿಗಾರರ ‘ವಗ್’ ಎಂಬ ಪದ ಇತ್ತು. ಡ್ರೂಸ್ ಹೊದಿಕೆಯ ಕಡೆಗೆ ಜಾರಿದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಮೂಲದ ವಿಚಾರದಲ್ಲಿ ಗೊಂದಲ ಇನ್ನೂ ಹೆಚ್ಚು. ಸಾಮಾನ್ಯವಾಗಿ ಒಪ್ಪಿತವಾಗಿರುವುದು ಹಳೆಯ ಹೈ ಜರ್ಮನ್ನಿನ ‘ದ್ರುಓಸ್’. ಅರ್ಥ ಗ್ರಂಥಿ, ಗಂಟು. ಕುದುರೆಗಳ ಗಂಟಲ ಗ್ರಂಥಿ ಊದಿಕೊಳ್ಳುವ ರೋಗಕ್ಕೂ ಜರ್ಮನರು ‘ದ್ರೂಜ’ ಎನ್ನುವುದು ಈ ಮೂಲವನ್ನು ಬಲಪಡಿಸುತ್ತದೆ. ದ್ರಾಕ್ಷಾರಸದ ತಳದಲ್ಲಿ ನಿಲ್ಲುವ ಗಷ್ಟನ್ನು ಹೇಳುವ ‘ದ್ರೂಜನ್’ ಕೇಳಲು ಇದರಂತೆಯೇ ಇದ್ದರೂ ಬೇರೆ ಪದ. ಲೆಬನಾನ್, ಸಿರಿಯಾಗಳ ದ್ರೂಜ್ ಸಮುದಾಯಕ್ಕೂ ಇದಕ್ಕೂ ನಂಟಿಲ್ಲ. ಆ ಹೆಸರನ್ನು 11ನೇ ಶತಮಾನದ ಧರ್ಮಪ್ರಚಾರಕ ಅಲ್-ದರಾಜಿಯಿಂದ ಬಂದದ್ದೆಂದು ಸಾಮಾನ್ಯವಾಗಿ ವಿವರಿಸುತ್ತಾರೆ.

19ನೇ ಶತಮಾನದಲ್ಲಿ ಪದ ಗಣಿಯಿಂದ ಹೊರಬಂತು. ಕಣ್ಣಿನ ಅಕ್ಷಿಪಟಲದ ಅಡಿಯಲ್ಲಿ ಶೇಖರವಾಗುವ ಸಣ್ಣ ಗುಂಡುಗಳನ್ನು ಡಚ್ ವೈದ್ಯ ದೊಂಡರ್ಸ್ 1855ರಲ್ಲಿ ವರ್ಣಿಸಿದ್ದರು. ಜರ್ಮನ್ ಅಂಗರಚನಾಶಾಸ್ತ್ರಜ್ಞ ಹೈನ್ರಿಕ್ ಮ್ಯೂಲರ್, ಅವುಗಳ ಹೊಳಪನ್ನು ಕಂಡು, ಹರಳುಪೊಳ್ಳಿನ ಹೆಸರನ್ನೇ ಕೊಟ್ಟರು. ಇಂದಿಗೂ ನೇತ್ರವೈದ್ಯರು ‘ಡ್ರೂಸನ್’ ಎನ್ನುತ್ತಾರೆ. ಆದರೆ ಅದು ಖನಿಜದ ಹರಳಲ್ಲ. ಬಹುಪಾಲು ಕೊಬ್ಬು ಮತ್ತು ಪ್ರೋಟೀನು.

ಆಭರಣ ವ್ಯಾಪಾರದ ‘ಡ್ರೂಜಿ’ ಇದೇ ಪದದ ಇತ್ತೀಚಿನ ರೂಪ.

ಸಸ್ಯವಿಜ್ಞಾನದ ಬಳಕೆ ಇವೆಲ್ಲಕ್ಕಿಂತ ಭಿನ್ನ. ಕೆಸು, ಪಾಪಸುಕಳ್ಳಿಗಳ ಜೀವಕೋಶದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಮುಳ್ಳುಮುಳ್ಳಾದ ಗುಂಡಾಗಿ ಹರಳುಗಟ್ಟುತ್ತದೆ, ಅದೂ ಡ್ರೂಸ್. ಕೆಸುವಿನ ತುರಿಕೆಗೆ ಮುಖ್ಯ ಕಾರಣ ಇದಲ್ಲ, ಅದೇ ಲವಣದ ಸೂಜಿಯಂಥ ಹರಳುಗಳು. ಕಲ್ಲಿನ ಡ್ರೂಸಿನಲ್ಲಿ ಮೊನೆಗಳು ಪೊಳ್ಳಿನ ಒಳಕ್ಕೆ ಚಾಚಿದರೆ, ಎಲೆಯ ಡ್ರೂಸಿನಲ್ಲಿ ನಡುವಿನಿಂದ ಹೊರಕ್ಕೆ ಚಾಚುತ್ತವೆ.