ಹಳೇ ಫೈಲು, ಭಾಗ 4: ಆ ಒಂದು ಕಾಲಂ

ಫೋಟೋದಲ್ಲಿರೋದು ಮುತ್ತತ್ತಿ ಹೊಳೆ. ಭಾನುವಾರ ಹೋಗಿದ್ವಿ. ಗುಡಿ ಹತ್ರ ಗೆಳತಿ ಮೊಬೈಲಲ್ಲಿ ಪೀರಿಯಡ್ ಆಪ್ ನೋಡಿ, "ಇವತ್ತೋ ನಾಳೆನೋ ಆಗ್ಬೋದು, ನೀವ್ ಹೋಗ್ಬನ್ನಿ ಕಣ್ರೇ" ಅಂದ್ಲು. ಆಂಜನೇಯಪ್ಪನಿಗಿಂತ ಮುಂಚೆ ಆಪ್‌ಗೆ ಗೊತ್ತು ಅಂತ ನಕ್ಕಿದ್ದಾಯ್ತು.

ವಾಪಸ್ ಬರೋವಾಗ ಬಸ್ಸಲ್ಲಿ ಇನ್ನೊಂದು ತೋರಿಸಿದ್ಲು. ಅವಳು ಸೇರಬೇಕಾದ ಕಂಪನಿಯ ಮೆಡಿಕಲ್ ಫಾರ್ಮ್. ಅದರಲ್ಲಿ 'ಎಲ್‌ಎಂಪಿ' ಅಂತ ಒಂದು ಕಾಲಂ. ಅಂದ್ರೆ ಕೊನೇ ಸಲ ಮುಟ್ಟಾದ ತಾರೀಖು. ಅಕೌಂಟ್ಸ್ ಬರೆಯೋ ಕೆಲಸಕ್ಕೆ ಈ ತಾರೀಖು ಯಾಕೆ, ನೀವೇ ಹೇಳಿ?

ಈ ಕಾಲಂಗೆ ಒಂದು ಇತಿಹಾಸ ಇದೆ. 1989ರಲ್ಲಿ ನೀರಾ ಮಾಥುರ್ ಅನ್ನೋರು ಎಲ್ಐಸಿಯಲ್ಲಿ ಅಸಿಸ್ಟೆಂಟ್ ಆಗಿ ಸೇರಿದ್ರು. ಸೇರೋ ಮುಂಚೆ ತುಂಬಿದ ಫಾರ್ಮ್‌ನಲ್ಲಿ ಕೇಳಿದ್ದೇನು ಗೊತ್ತಾ? ಮುಟ್ಟು ಸರಿಯಾಗಿ ಆಗುತ್ತಾ, ನೋವಿರುತ್ತಾ, ಕೊನೇ ತಾರೀಖು ಯಾವುದು, ಎಷ್ಟು ಸಲ ಗರ್ಭಿಣಿ ಆಗಿದ್ರಿ, ಗರ್ಭಪಾತ ಆಗಿದ್ಯಾ. ಎಲ್ಐಸಿಯ ಡಾಕ್ಟರೇ ಪರೀಕ್ಷೆ ಮಾಡಿ ಫಿಟ್ ಅಂದಿದ್ರು. 1990ರ ಜನವರಿಯಲ್ಲಿ ಹೆರಿಗೆ ಆಯ್ತು. ರಜೆ ಮುಗಿಯೋ ಮೊದಲೇ, ಫೆಬ್ರವರಿಯಲ್ಲಿ, ಕೆಲಸದಿಂದ ತೆಗೆದ್ರು. ಆದೇಶದಲ್ಲಿ ಕಾರಣ ಇರಲಿಲ್ಲ. ಕೋರ್ಟಲ್ಲಿ ಮಾತ್ರ, ಗರ್ಭಿಣಿ ಅನ್ನೋದನ್ನ ಮುಚ್ಚಿಟ್ಟಿದ್ರು ಅಂತ ವಾದ.

ಸುಪ್ರೀಂ ಕೋರ್ಟ್ 1991ರ ಅಕ್ಟೋಬರ್‌ನಲ್ಲಿ ಅವರನ್ನ ವಾಪಸ್ ತಗೊಳ್ಳಿ ಅಂತು. ಆ ಪ್ರಶ್ನೆಗಳು ಮುಜುಗರ ತರೋವಂಥವು, ಯಾವ ಹೆಣ್ಣಿನ ಸ್ವಾಭಿಮಾನವೂ ಇದನ್ನೆಲ್ಲ ಹೇಳಿಕೊಳ್ಳೋಕೆ ಒಪ್ಪಲ್ಲ, ಆ ಕಾಲಂಗಳನ್ನ ತೆಗೀಬೇಕು ಅಂತಾನೂ ಹೇಳಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ನಮ್ಮ ಕರ್ನಾಟಕ ಹೈಕೋರ್ಟಿಂದ ಹೋದವರು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಬಂತಲ್ಲ, ಅದರ ಅರ್ಜಿದಾರ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕೂಡ ಇದೇ ಹೈಕೋರ್ಟಿನ ನಿವೃತ್ತ ಜಡ್ಜ್. ಆ ತೀರ್ಪಲ್ಲೂ ನೀರಾ ಮಾಥುರ್ ಕೇಸಿನ ಪ್ರಸ್ತಾಪ ಇದೆ.

ಆವತ್ತು ಫಾರ್ಮ್ ಕೇಳ್ತಿತ್ತು. ಈಗ ನಾವೇ ತಿಂಗಳಾ ತಿಂಗಳಾ ಆಪ್‌ಗೆ ಹಾಕ್ತೀವಿ. 2021ರಲ್ಲಿ ಅಮೆರಿಕದ ಎಫ್‌ಟಿಸಿ, 'ಫ್ಲೋ' ಆಪ್ ಗುಟ್ಟಾಗಿಡ್ತೀವಿ ಅಂತ ಮಾತು ಕೊಟ್ಟು ಆರೋಗ್ಯದ ಮಾಹಿತಿನ ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳಿಗೆ ಕೊಟ್ಟಿದೆ ಅಂತ ಆರೋಪ ಹೊರಿಸಿತ್ತು.

2025ರ ಅಕ್ಟೋಬರ್‌ನಲ್ಲಿ ನಮ್ಮ ಸಚಿವ ಸಂಪುಟ ತಿಂಗಳಿಗೆ 1 ದಿನ ಸಂಬಳ ಸಮೇತ ಮುಟ್ಟಿನ ರಜೆಗೆ ಒಪ್ಪಿತು. ಖುಷಿನೇ. ಬೆಳಗ್ಗೆ ಗಾರ್ಮೆಂಟ್ಸ್ ಬಸ್ ಹತ್ತೋ ನಮ್ಮೂರ ಕಡೆ ಅಕ್ಕಂದಿರಿಗೆ ಬೇಕೇ ಬೇಕು. ಆದ್ರೆ ಆ ತಾರೀಖು ರಜೆ ರಿಜಿಸ್ಟರ್‌ನಲ್ಲಿ ಬೀಳುತ್ತೆ. ಎರಡು ತಿಂಗಳು ಬೀಳದಿದ್ರೆ ನೋಡೋರು ಲೆಕ್ಕ ಹಾಕಲ್ವಾ?

ಇದನ್ನೆಲ್ಲ ಗೆಳತಿಗೆ ಹೇಳ್ದೆ. "ಎಲ್ಲ ಸರಿ ಕಣೇ, ಖಾಲಿ ಬಿಟ್ರೆ ಕೆಲಸ ಕೊಡ್ತಾರಾ?" ಅಂದ್ಲು. ನಂಗೆ ಉತ್ತರ ಬರಲಿಲ್ಲ. ಫಾರ್ಮ್ ಕೊಡೋಕೆ ಶುಕ್ರವಾರ ಕೊನೇ ದಿನ. ನೀವಾಗಿದ್ರೆ ಏನ್ ಬರೀತಿದ್ರಿ?