ನೋವಿಗೆ 44, ಮೆಟ್ಟಿಲಿಗೆ 4

ಇವತ್ತಿನ ಕಂತು ಶುರುವಾಗೋದು ನಮ್ಮನೆ ಮೆಟ್ಟಿಲಿಂದ. ಕೆಳಗಿನಿಂದ ಮಹಡಿಗೆ ಒಟ್ಟು 17 ಮೆಟ್ಟಿಲು. ಅಜ್ಜಿಗೆ ಹಿಪ್ ರೀಪ್ಲೇಸ್‌ಮೆಂಟ್ ಆಪರೇಶನ್ ಆಗಿ ವರ್ಷ ಕಳೆದಿತ್ತು. "ನೋವಿದ್ಯಾ ಅಜ್ಜಿ?" ಅಂದ್ರೆ, "ಇಲ್ಲ ಕಣೋ, ಚೂರೂ ಇಲ್ಲ" ಅಂತಿದ್ರು. ನೋವೇ ಇಲ್ಲ ಅಂದ್ಮೇಲೆ ವ್ಯಾಯಾಮ ಯಾಕೆ ಅಂತ ಎರಡನೇ ತಿಂಗಳಿಗೇ ಫಿಸಿಯೋಥೆರಪಿ ನಿಲ್ಲಿಸಿದ್ವಿ. ನಿಲ್ಲಿಸಿದವನು ನಾನೇ.

ಆದ್ರೆ ಅಜ್ಜಿ ಮೆಟ್ಟಿಲು ಹತ್ತೋದನ್ನ ನೋಡ್ಬೇಕಿತ್ತು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಾಲನ್ನು ಎಳೆದುಕೊಂಡು ಬರೋರು. ಹೊಸ ಕೀಲು ಸರಿಯಾಗೇ ಇದೆ, ನೋವಿಲ್ಲ, ಮತ್ತೆ ಹೀಗ್ಯಾಕೆ? ಉತ್ತರ ಹುಡುಕ್ತಾ ಹೋದ ನನಗೆ ಸಿಕ್ಕಿದ್ದು ನೂರು ವರ್ಷಕ್ಕೂ ಹಳೆಯ ಕಥೆ.

ಸೊಂಟದ ಕೀಲು ಅಂದ್ರೆ ಬಟ್ಟಲಿನೊಳಗೆ ತಿರುಗುವ ಚೆಂಡು. ತೊಡೆಮೂಳೆಯ ತುದಿಯೇ ಚೆಂಡು. ಅದು ಸವೆದಾಗ ಏನಿಡೋದು? 1890ರ ಆಸುಪಾಸಿನಲ್ಲಿ ಬರ್ಲಿನ್‌ನ ಥೆಮಿಸ್ಟೊಕ್ಲಿಸ್ ಗ್ಲುಕ್ ಆನೆ ದಂತದ ಕೀಲು ಮಾಡಿ ನೋಡಿದರು. 1923ರಲ್ಲಿ ಬಾಸ್ಟನ್‌ನ ಸ್ಮಿತ್-ಪೀಟರ್ಸನ್ ಗಾಜಿನ ಟೊಪ್ಪಿ ಹಾಕಿದರು, ಗಾಜು ಒಡೆಯಿತು. 1946ರಲ್ಲಿ ಪ್ಯಾರಿಸ್‌ನ ಜುಡೆ ಸಹೋದರರು ಅಕ್ರಿಲಿಕ್ ಚೆಂಡು ಕೂರಿಸಿದರು. ಅಂಥ ಚೆಂಡು ಹಾಕಿಸಿಕೊಂಡಿದ್ದ ಒಬ್ಬ ರೋಗಿ ಬಾಗಿದಾಗಲೆಲ್ಲ ಕೀಲು ಕಿರ್ರ್ ಅನ್ನೋದಂತೆ. ಆ ಸದ್ದು ತಾಳಲಾರದೆ ಹೆಂಡತಿ ಎದ್ದು ಹೋಗ್ತಿದ್ದಳಂತೆ!

ಈ ಕಿರ್ರ್ ಸದ್ದನ್ನು ಗಂಭೀರವಾಗಿ ತಗೊಂಡವರು ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್‌ಲಿ. ಲಂಕಾಶೈರ್‌ನ ರೈಟಿಂಗ್ಟನ್ ಆಸ್ಪತ್ರೆ ಅವರ ಕಾರ್ಯಕ್ಷೇತ್ರ. ಸದ್ದು ಬರ್ತಿದೆ ಅಂದ್ರೆ ಘರ್ಷಣೆ ಜಾಸ್ತಿ ಇದೆ ಅಂತ. ಹಾಗಾಗಿ ಅವರು ಲೋಹದ ಸಣ್ಣ ಚೆಂಡಿಗೆ ಟೆಫ್ಲಾನ್ ಬಟ್ಟಲು ಜೋಡಿಸಿದರು. ಹೌದು, ನಮ್ಮ ದೋಸೆ ತವಾದ ಮೇಲಿರುತ್ತಲ್ಲ, ಅದೇ ಟೆಫ್ಲಾನ್. ಮೊದಮೊದಲು ಎಲ್ಲರಿಗೂ ಖುಷಿ. ಎರಡು ಮೂರು ವರ್ಷದಲ್ಲಿ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಮಾಂಸವನ್ನೇ ಕೆಡಿಸಿತು. ಆ ಪುಡಿ ಏನು ಮಾಡುತ್ತೆ ಅಂತ ತಿಳಿಯೋಕೆ ಚಾರ್ನ್‌ಲಿ ಟೆಫ್ಲಾನನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ನೋಡಿದರು.

ದಾರಿ ತೋರಿಸಿದ್ದು ಬಟ್ಟೆ ಗಿರಣಿ. 1962ರಲ್ಲಿ, ಮಗ್ಗದ ಗೇರ್‌ಗಳಿಗೆ ಬಳಸ್ತಿದ್ದ ಗಟ್ಟಿ ಪಾಲಿಥೀನನ್ನು ಒಬ್ಬ ಮಾರಾಟಗಾರ ತಂದುಕೊಟ್ಟ. ಚಾರ್ನ್‌ಲಿ ಅದನ್ನು ಬೇಡ ಅಂದ್ರೂ ಅವರ ಲ್ಯಾಬಿನ ಹ್ಯಾರಿ ಕ್ರೇವನ್ ಯಂತ್ರಕ್ಕೆ ಕೊಟ್ಟು ಉಜ್ಜಿಸಿ ನೋಡಿದರು. ಸವೆತ ತೀರಾ ಕಡಿಮೆ! ಆ ವರ್ಷದ ನವೆಂಬರ್‌ನಲ್ಲಿ ಮೊದಲ ಪಾಲಿಥೀನ್ ಬಟ್ಟಲು ರೋಗಿಯ ಸೊಂಟ ಸೇರಿತು. ಇವತ್ತಿನ ಹಿಪ್ ರೀಪ್ಲೇಸ್‌ಮೆಂಟ್ ಬೆಳೆದು ಬಂದಿದ್ದು ಇದರಿಂದಲೇ.

ಚೆಂಡು-ಬಟ್ಟಲಿನ ಸಮಸ್ಯೆ ಬಹುಪಾಲು ಬಗೆಹರಿಯಿತು. ಹಾಗಾದ್ರೆ ಅಜ್ಜಿ ವಾಲೋದ್ಯಾಕೆ?

ಒಂದು ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತುಕೊಳ್ಳಿ. ಮೈಭಾರ ಇನ್ನೊಂದು ಪಕ್ಕಕ್ಕೆ ಬೀಳೋಕೆ ನೋಡುತ್ತೆ. ಬೀಳದಂತೆ ಎಳೆದು ಹಿಡಿಯೋದು ಸೊಂಟದ ಪಕ್ಕದ ಸ್ನಾಯು, ಹೆಸರು ಗ್ಲೂಟಿಯಸ್ ಮೀಡಿಯಸ್. ಪಾರ್ಕಿನ ಸೀಸಾ ನೆನಪಿಸಿಕೊಳ್ಳಿ. ಮೈಭಾರ ನಡುಬಿಂದುವಿನಿಂದ ದೂರ ಕೂತಿದೆ, ಸ್ನಾಯು ಹತ್ತಿರ ಕೂತಿದೆ. ಹಾಗಾಗಿ ಸ್ನಾಯು ಮೈಭಾರಕ್ಕಿಂತ ಹೆಚ್ಚು ಬಲ ಹಾಕ್ಬೇಕು. ಎರಡೂ ಸೇರಿ ಒತ್ತೋದು ಕೀಲಿನ ಮೇಲೆ. ಆ ಸ್ನಾಯು ಸೋತರೆ ನಾವು ಮೈಯನ್ನೇ ವಾಲಿಸಿ ಸರಿದೂಗಿಸ್ತೀವಿ. ಇದನ್ನು ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ವಿವರಿಸಿದ್ದರು.

ಒತ್ತಡ ಎಷ್ಟು? ಬರ್ಲಿನ್‌ನ ಗೆಯೊರ್ಗ್ ಬೆರ್ಗ್‌ಮನ್ ತಂಡ ಕೃತಕ ಕೀಲಿನೊಳಗೇ ಸೆನ್ಸರ್ ಇಟ್ಟು ಅಳೆಯಿತು. 2001ರಲ್ಲಿ ಪ್ರಕಟವಾದ ಲೆಕ್ಕ ಇದು: ಸಮತಟ್ಟಿನಲ್ಲಿ ನಡೆಯುವಾಗ ಸರಾಸರಿ ಮೈತೂಕದ 238%, ಮೆಟ್ಟಿಲು ಹತ್ತುವಾಗ 251%, ಇಳಿಯುವಾಗ 260%. ಅಂದ್ರೆ 60 ಕೆ.ಜಿ. ತೂಕದವರು ಒಂದು ಮೆಟ್ಟಿಲು ಹತ್ತಿದರೆ ಕೀಲಿನ ಮೇಲೆ ಸುಮಾರು 150 ಕೆ.ಜಿ.! ಜೊತೆಗೆ, ಹತ್ತುವಾಗ ತೊಡೆ ಮಡಚಿರೋದರಿಂದ ಚೆಂಡಿನ ಮೇಲೆ ಹಿಂದಕ್ಕೆ ತಳ್ಳುವ ಬಲ ಬಿದ್ದು, ಮೂಳೆಯೊಳಗಿನ ಲೋಹದ ಕಡ್ಡಿ ತಿರುಚಿಕೊಳ್ಳುತ್ತೆ. ಈ ತಿರುಚು ನಡಿಗೆಗಿಂತ 23% ಹೆಚ್ಚು.

ಸವೆದ ಕೀಲಿನ ನೋವಿಗೆ ಹೆದರಿ ವರ್ಷಗಟ್ಟಲೆ ಆ ಕಾಲನ್ನು ಬಳಸದೇ ಇದ್ರೆ ಸ್ನಾಯು ಸೊರಗಿರುತ್ತೆ. ಆಪರೇಶನ್ ಕೀಲನ್ನು ಬದಲಿಸುತ್ತೆ, ಸ್ನಾಯುವನ್ನಲ್ಲ. ಚಾರ್ನ್‌ಲಿಗೂ ಇದು ಗೊತ್ತಿತ್ತು. ಸ್ನಾಯುವಿಗೆ ಎಳೆಯೋದು ಸುಲಭವಾಗಲಿ ಅಂತ ಅವರು ಬಟ್ಟಲನ್ನು ಒಳಕ್ಕೆ ಸರಿಸಿ, ಸ್ನಾಯು ಅಂಟಿರುವ ಮೂಳೆಯ ತುಂಡನ್ನು ಹೊರಕ್ಕೆ ಕೂರಿಸ್ತಿದ್ದರು. ಉಳಿದ ಕೆಲಸ ರೋಗಿಯದ್ದು, ಮನೆಯವರದ್ದು. ಅದನ್ನೇ ನಾನು ಎರಡು ತಿಂಗಳಿಗೆ ನಿಲ್ಲಿಸಿದ್ದೆ.

1969ರಲ್ಲಿ ಬಾಸ್ಟನ್‌ನ ವಿಲಿಯಂ ಹ್ಯಾರಿಸ್ ಈ ಕೀಲಿಗೊಂದು ಮಾರ್ಕ್ಸ್ ಕಾರ್ಡ್ ಮಾಡಿದರು, ಇಂದಿಗೂ ಬಳಕೆಯಲ್ಲಿದೆ. 100 ಅಂಕದಲ್ಲಿ ನೋವಿಲ್ಲದಿದ್ರೆ 44. ಮೆಟ್ಟಿಲಿಗೆ ಬರೀ 4. ಕಂಬಿ ಹಿಡಿಯದೆ ಹತ್ತಿದರೆ 4, ಹಿಡಿದು ಹತ್ತಿದರೆ 2, ಹೇಗೋ ಹತ್ತಿದರೆ 1. ನಾನೂ ಹಾಗೇ ಲೆಕ್ಕ ಹಾಕಿದ್ದೆ. ನೋವಿನ ಬಗ್ಗೆ ದಿನಾ ಕೇಳಿದೆ, ಮೆಟ್ಟಿಲ ಬಗ್ಗೆ ಒಂದು ದಿನವೂ ಕೇಳಲಿಲ್ಲ.

ಫಿಸಿಯೋಥೆರಪಿ ಮತ್ತೆ ಶುರುವಾಗಿ ನಾಲ್ಕು ತಿಂಗಳಾಯ್ತು. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಶನ್ ಆದ ಕಾಲು ಮೊದಲು, ಅದೇ ಅಭ್ಯಾಸ. ವಾಲೋದು ಕಡಿಮೆಯಾಗಿದೆ. ಹೋದ ಭಾನುವಾರ ಅಜ್ಜಿ ಒಂದೇ ಕೈಯಲ್ಲಿ ಕಂಬಿ ಹಿಡಿದು ಮಹಡಿಗೆ ಬಂದು, ಹಪ್ಪಳ ಒಣಗಿದೆಯಾ ಅಂತ ನೋಡಿ ಇಳಿದರು.

ನನ್ನ ಲೆಕ್ಕದಲ್ಲಿ 1 ಇದ್ದದ್ದು 2 ಆಗಿದೆ. ನಿಮ್ಮನೆಯಲ್ಲೂ ಯಾರಿಗಾದ್ರೂ ಈ ಆಪರೇಶನ್ ಆಗಿದ್ರೆ, ಇವತ್ತು ನೋವಿನ ಜೊತೆ ಮೆಟ್ಟಿಲ ಬಗ್ಗೆಯೂ ಕೇಳಿ. ಮುಂದಿನ ಕಂತಿನಲ್ಲಿ ಸಿಗೋಣ.